ಪಾಠದ ಓದು, ಬಿಡುವಿನ ಓದು: ಇ-ರೀಡರ್ ಕಾಲೇಜಿಗೆ ಹೋದ ಕಥೆ

2009ರ ಮೇ 6ರಂದು ನ್ಯೂಯಾರ್ಕಿನ ಪೇಸ್ ವಿಶ್ವವಿದ್ಯಾಲಯದಲ್ಲಿ ಅಮೆಜಾನ್ ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಹೊಸದೊಂದು ಓದುವ ಯಂತ್ರವನ್ನು ಬಿಡುಗಡೆ ಮಾಡಿದರು. ಹೆಸರು ಕಿಂಡಲ್ ಡಿಎಕ್ಸ್. ಅದಕ್ಕೂ ಮುಂಚಿನ ಕಿಂಡಲ್‌ಗಳ ಪರದೆ ಆರು ಇಂಚಿನದು, ಇದರದು 9.7 ಇಂಚು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, ಬೆಲೆ 489 ಡಾಲರ್. ಸಮಾರಂಭಕ್ಕೆ ಕಾಲೇಜನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಕಾದಂಬರಿ ಓದುವವರನ್ನು ಕಿಂಡಲ್ ಆಗಲೇ ಗೆದ್ದುಕೊಂಡಿತ್ತು. ಈಗ ಅದಕ್ಕೆ ವಿದ್ಯಾರ್ಥಿಗಳು ಬೇಕಾಗಿದ್ದರು. ಪಿಯರ್ಸನ್, ಸೆಂಗೇಜ್, ವೈಲಿಯಂಥ ಪಠ್ಯಪುಸ್ತಕ ಪ್ರಕಾಶಕರು ಕೈಜೋಡಿಸಿದ್ದರು. ಪ್ರಿನ್ಸ್‌ಟನ್, ಅರಿಝೋನಾ ಸ್ಟೇಟ್, ಕೇಸ್ ವೆಸ್ಟರ್ನ್ ರಿಸರ್ವ್, ರೀಡ್, ಪೇಸ್, ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ವ್ಯವಹಾರ ಶಾಲೆ, ವಾಷಿಂಗ್ಟನ್ ವಿಶ್ವವಿದ್ಯಾಲಯ ಹೀಗೆ ಹಲವು ಸಂಸ್ಥೆಗಳು ಆ ವರ್ಷ ತಮ್ಮ ಕೆಲವು ತರಗತಿಗಳಲ್ಲಿ ಡಿಎಕ್ಸನ್ನು ಪರೀಕ್ಷಿಸಿ ನೋಡಲು ಒಪ್ಪಿದವು. ಹೆಗಲ ಮೇಲಿನ ಪುಸ್ತಕದ ಹೊರೆ ಇಳಿಯುತ್ತದೆ, ಮುದ್ರಣದ ಖರ್ಚು ಉಳಿಯುತ್ತದೆ ಎಂಬ ಆಸೆ ಎಲ್ಲರಿಗೂ ಇತ್ತು.

ಒಂದು ವರ್ಷದೊಳಗೆ ಉತ್ತರ ಬಂತು. ಅತಿ ಸ್ಪಷ್ಟವಾದ ಉತ್ತರ ಡಾರ್ಡನ್ ಶಾಲೆಯದು. ಅಲ್ಲಿಯ ಎಂಬಿಎ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕೇಳಿದ್ದರು. ಮುಂದಿನ ವರ್ಷ ಸೇರುವವರಿಗೆ ಓದಿನ ಸಾಧನವಾಗಿ ಇದನ್ನು ಕೊಳ್ಳಿ ಎಂದು ಹೇಳುತ್ತೀರಾ? ನೂರಕ್ಕೆ 75ರಿಂದ 80 ಮಂದಿ ಇಲ್ಲ ಎಂದರು. ಸ್ವಂತ ಓದಿಗೆ, ಬಿಡುವಿನ ಓದಿಗೆ ಕೊಳ್ಳಿ ಎನ್ನುತ್ತೀರಾ? ನೂರಕ್ಕೆ 90ರಿಂದ 95 ಮಂದಿ ಹೌದು ಎಂದರು. ಯಂತ್ರ ಅದೇ, ಓದುಗರು ಅವರೇ, ಓದು ಮಾತ್ರ ಬೇರೆ.

ಇಂದು ಪುಣೆಯಲ್ಲೋ ಹೈದರಾಬಾದಿನಲ್ಲೋ ಮಗಳಿಗೆ ಕಾಲೇಜಿಗೆಂದು ಇ-ರೀಡರ್ ಕೊಡಿಸಲು ಹೊರಟ ಮನೆಯವರೂ ಇದೇ ಎರಡು ಪ್ರಶ್ನೆಗಳ ನಡುವೆ ನಿಂತಿರುತ್ತಾರೆ. ಪಠ್ಯವೂ ಓದಲಿ, ರಾತ್ರಿ ಮಲಗುವ ಮುಂಚೆ ಒಂದು ಕಾದಂಬರಿಯೂ ಓದಲಿ, ಸಾಧ್ಯವಾದರೆ ಕನ್ನಡವನ್ನೂ ಓದಲಿ ಎಂಬುದು ಅವರ ಆಸೆ. ಅಂಗಡಿಯ ಜಾಲತಾಣ ತೋರಿಸುವುದು ಇಂಚು, ಗಿಗಾಬೈಟ್, ಬ್ಯಾಟರಿಗಳ ಪಟ್ಟಿಯನ್ನು. ಆ ಪಟ್ಟಿಯನ್ನು ಓದುವ ಬಗೆ ತಿಳಿಯಬೇಕಾದರೆ ಈ ಯಂತ್ರ ಯಾವ ಓದಿಗಾಗಿ ಹುಟ್ಟಿತು, ಯಾವ ಓದಿನ ಮುಂದೆ ಸೋತಿತು ಎಂಬುದನ್ನು ನೋಡಬೇಕು.

ಕಡಲ ದಂಡೆಯ ಪುಸ್ತಕ

ಇ-ರೀಡರ್ ಕಿಂಡಲ್‌ನಿಂದ ಶುರುವಾದದ್ದಲ್ಲ. 1998ರಲ್ಲೇ ಅಮೆರಿಕದಲ್ಲಿ ರಾಕೆಟ್ ಇ-ಬುಕ್, ಸಾಫ್ಟ್‌ಬುಕ್ ಎಂಬ ಎರಡು ಯಂತ್ರಗಳು ಮಾರುಕಟ್ಟೆಗೆ ಬಂದಿದ್ದವು. ರಾಕೆಟ್ ಇ-ಬುಕ್ಕನ್ನು ಮಾಡಿದ ನ್ಯೂವೋಮೀಡಿಯಾ ಕಂಪನಿಯ ಸ್ಥಾಪಕರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಇವರಿಬ್ಬರೇ 2003ರಲ್ಲಿ ಟೆಸ್ಲಾ ಎಂಬ ಕಾರಿನ ಕಂಪನಿಯನ್ನೂ ಕಟ್ಟಿದರು. ಅವರ ಓದುವ ಯಂತ್ರ ಮಾತ್ರ ಬಹಳ ದಿನ ಬಾಳಲಿಲ್ಲ. ಪರದೆ ಆಗಿನ ಲ್ಯಾಪ್‌ಟಾಪಿನದೇ ಜಾತಿಯ ಎಲ್‌ಸಿಡಿ. ಬಿಸಿಲಿನಲ್ಲಿ ಮಂಕಾಗುತ್ತಿತ್ತು, ಬ್ಯಾಟರಿಯನ್ನು ಬೇಗ ತಿನ್ನುತ್ತಿತ್ತು. ಕೊಂಡು ಓದಲು ಇ-ಪುಸ್ತಕಗಳೂ ಕಡಿಮೆ ಇದ್ದವು.

ಬೇಕಾಗಿದ್ದದ್ದು ಕಾಗದದಂಥ ಪರದೆ. ಎಂಐಟಿ ಮೀಡಿಯಾ ಲ್ಯಾಬಿನ ಭೌತವಿಜ್ಞಾನಿ ಜೋಸೆಫ್ ಜೇಕಬ್‌ಸನ್ ಕಡಲ ದಂಡೆಯಲ್ಲಿ ಕುಳಿತು ಕೈಲಿದ್ದ ಪುಸ್ತಕ ಮುಗಿಸಿದಾಗ, ಮುಂದೆ ಓದಲು ಇನ್ನೊಂದಿಲ್ಲವಲ್ಲ ಎನ್ನಿಸಿ ಈ ಯೋಚನೆ ಬಂತೆಂದು ಹೇಳುತ್ತಾರೆ. ಅವರ ವಿದ್ಯಾರ್ಥಿಗಳಾದ ಬ್ಯಾರೆಟ್ ಕಾಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್ ಪ್ರಯೋಗಶಾಲೆಯಲ್ಲಿ ಅದನ್ನು ಸಾಧ್ಯವಾಗಿಸಿದರು. 1997ರಲ್ಲಿ ಇ-ಇಂಕ್ ಕಂಪನಿ ಹುಟ್ಟಿತು.

ಈ ಪರದೆ ಕೆಲಸ ಮಾಡುವ ಬಗೆ ಸರಳ. ತಲೆಗೂದಲಿನ ದಪ್ಪದಷ್ಟು ಸಣ್ಣ ಗುಳಿಗೆಗಳು ಪರದೆಯ ತುಂಬ ಹರಡಿರುತ್ತವೆ. ಒಂದೊಂದರಲ್ಲೂ ತಿಳಿ ದ್ರವ, ಅದರಲ್ಲಿ ಬಿಳಿಯ ಕಣಗಳು, ಕಪ್ಪು ಕಣಗಳು. ಒಂದಕ್ಕೆ ಧನ ವಿದ್ಯುದಾವೇಶ, ಇನ್ನೊಂದಕ್ಕೆ ಋಣ. ಹಿಂದಿನಿಂದ ವಿದ್ಯುತ್ ಹಾಯಿಸಿದರೆ ಒಂದು ಬಣ್ಣದ ಕಣ ಮೇಲೆ ಬರುತ್ತದೆ, ಇನ್ನೊಂದು ತಳ ಸೇರುತ್ತದೆ. ಒಮ್ಮೆ ಅಕ್ಷರ ಮೂಡಿದ ಮೇಲೆ ಅದು ಹಾಗೇ ಉಳಿಯಲು ವಿದ್ಯುತ್ ಬೇಡ. ಪುಟ ತಿರುಗಿಸುವಾಗ ಮಾತ್ರ ಬೇಕು. ಹಾಗಾಗಿ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಹೊರಗಿನ ಬೆಳಕೇ ತಿರುಗಿ ಕಣ್ಣಿಗೆ ಬರುವುದರಿಂದ ಬಿಸಿಲಿನಲ್ಲೂ ಅಕ್ಷರ ಕಾಗದದ ಮೇಲಿನಂತೆ ಕಾಣುತ್ತದೆ.

ಈ ಅನುಕೂಲಕ್ಕೆ ತೆತ್ತ ಬೆಲೆಯೂ ಒಂದಿದೆ. ಕಣಗಳು ದ್ರವದಲ್ಲಿ ಈಜಿ ಮೇಲೆ ಬರಲು ಸಮಯ ಹಿಡಿಯುತ್ತದೆ. ಒಂದೊಂದೇ ಪುಟವನ್ನು ನಿಧಾನವಾಗಿ ಓದಿ ಮುಂದೆ ಹೋಗುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪುಸ್ತಕವನ್ನು ಸರಸರನೆ ಮಗುಚಿ ಹುಡುಕುವವರಿಗೆ ಮಾತ್ರ ಆ ಕ್ಷಣಗಳು ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ. ಕಾಲೇಜಿನಲ್ಲಿ ಮುಂದೆ ಆದದ್ದಕ್ಕೆ ಒಂದು ಬೀಜ ಇಲ್ಲೇ ಇತ್ತು.

ಇ-ಇಂಕ್ ಪರದೆಯ ಮೊದಲ ಓದುವ ಯಂತ್ರ ಸೋನಿ ಕಂಪನಿಯ ಲಿಬ್ರಿಯೆ, 2004ರಲ್ಲಿ ಜಪಾನಿನಲ್ಲಿ ಬಂತು. ಪರದೆ ಚೆನ್ನಾಗಿತ್ತು, ವ್ಯಾಪಾರದ ನಿಯಮ ಕೆಟ್ಟದ್ದಾಗಿತ್ತು. ಹಣ ಕೊಟ್ಟು ಪಡೆದ ಪುಸ್ತಕ 60 ದಿನಗಳ ಮೇಲೆ ತೆರೆಯುತ್ತಿರಲಿಲ್ಲ. ಜನ ಕೈಬಿಟ್ಟರು. 2007ರ ನವೆಂಬರ್ 19ರಂದು ಬಂದ ಮೊದಲ ಕಿಂಡಲ್‌ನ ಬೆಲೆ 399 ಡಾಲರ್. ಅದರ ಪರದೆಯೂ ಇ-ಇಂಕ್ ಕಂಪನಿಯದೇ. ಹೊಸದಾಗಿದ್ದದ್ದು ಅಂಗಡಿ. ಕಂಪ್ಯೂಟರಿನ ಹಂಗಿಲ್ಲದೆ, ಮೊಬೈಲ್ ಜಾಲದ ಮೂಲಕ ಒಂದು ನಿಮಿಷದೊಳಗೆ ಪುಸ್ತಕ ಕೈಗೆ ಬರುತ್ತಿತ್ತು. ಮೊದಲ ದಾಸ್ತಾನು ಐದೂವರೆ ಗಂಟೆಯಲ್ಲಿ ಖಾಲಿಯಾಯಿತು.

ಈ ಯಂತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದ ಓದುಗ ಮೊದಲ ಪುಟದಿಂದ ಕೊನೆಯ ಪುಟಕ್ಕೆ ನೇರವಾಗಿ ನಡೆಯುವವನು. ಆರು ಇಂಚಿನ ಪರದೆ, ಹಿಗ್ಗಿಸಿ ಕುಗ್ಗಿಸಬಹುದಾದ ಅಕ್ಷರ, ಪರದೆಗೆ ತಕ್ಕಂತೆ ಸಾಲು ಮುರಿದುಕೊಂಡು ಹರಿಯುವ ಬರಹ, ಎಲ್ಲವೂ ಅವನ ಅಳತೆಗೆ ಹೊಲಿದದ್ದು.

ತರಗತಿಯಲ್ಲಿ ನಡೆದದ್ದು

ಪಾಠದ ಓದು ಹಾಗೆ ನೇರವಾಗಿ ನಡೆಯುವುದಿಲ್ಲ. ವಿದ್ಯಾರ್ಥಿ ಅಧ್ಯಾಯದ ಕೊನೆಯ ಪ್ರಶ್ನೆಗಳನ್ನು ಮೊದಲು ನೋಡುತ್ತಾನೆ, ನಡುವಿನ ಚಿತ್ರಕ್ಕೆ ಹಾರುತ್ತಾನೆ, ಎರಡು ಪುಸ್ತಕ ಪಕ್ಕಪಕ್ಕ ತೆರೆದಿಡುತ್ತಾನೆ, ಅಂಚಿನಲ್ಲಿ ಗೀಚುತ್ತಾನೆ. ಅಧ್ಯಾಪಕರು ಪುಟ 143 ತೆಗೆಯಿರಿ ಎಂದರೆ ಎಲ್ಲರೂ ಒಟ್ಟಿಗೆ ತೆಗೆಯಬೇಕು. ಆಗಿನ ಕಿಂಡಲ್‌ನಲ್ಲಿ ಪುಟಸಂಖ್ಯೆಯೇ ಇರಲಿಲ್ಲ. ಅಕ್ಷರದ ಗಾತ್ರ ಬದಲಾದರೆ ಪುಟವೂ ಬದಲಾಗುವುದರಿಂದ ‘ಲೊಕೇಶನ್’ ಎಂಬ ಬೇರೆಯದೇ ಎಣಿಕೆ ಇತ್ತು. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅದನ್ನು ನಮೂದಿಸಿದರೆ ಮುದ್ರಿತ ಪುಸ್ತಕ ಹಿಡಿದವರಿಗೆ ಉಪಯೋಗವಿಲ್ಲ. ಅಚ್ಚಿನ ಪ್ರತಿಯ ಪುಟಸಂಖ್ಯೆ ತೋರಿಸುವ ಸೌಲಭ್ಯ ಕಿಂಡಲ್‌ಗೆ ಬಂದದ್ದು 2011ರಲ್ಲಿ.

ಪ್ರಿನ್ಸ್‌ಟನ್‌ನಲ್ಲಿ ಮೂರು ತರಗತಿಗಳ ಸುಮಾರು 50 ವಿದ್ಯಾರ್ಥಿಗಳು ಡಿಎಕ್ಸ್ ಬಳಸಿದರು. ಅಲ್ಲಿಯ ಮುಖ್ಯ ಗುರಿ ಕಾಗದದ ಉಳಿತಾಯ. ಆ ಗುರಿ ಈಡೇರಿತು, ಮುದ್ರಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ದೂರುಗಳೂ ಬಂದವು: ಅಡಿಗೆರೆ ಎಳೆಯುವುದು, ಟಿಪ್ಪಣಿ ಬರೆಯುವುದು, ಪಿಡಿಎಫ್ ಕಡತಗಳನ್ನು ಜೋಡಿಸಿಡುವುದು ಕಷ್ಟ. ಡಿಎಕ್ಸ್‌ನಲ್ಲಿ ಟಿಪ್ಪಣಿ ಬರೆಯಲು ಇದ್ದದ್ದು ಪರದೆಯ ಕೆಳಗಿನ ಪುಟ್ಟ ಗುಂಡಿಗಳ ಕೀಲಿಮಣೆ. ಪೆನ್ಸಿಲಿನ ವೇಗಕ್ಕೆ ಅದು ಸಾಟಿಯಲ್ಲ.

ಹೆಚ್ಚು ಆಳವಾಗಿ ನೋಡಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು. ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಓದಿಗೆ ಹೊಸದಾಗಿ ಸೇರಿದ 39 ಮಂದಿಯನ್ನು ಅವರು ತಿಂಗಳುಗಟ್ಟಲೆ ಗಮನಿಸಿದರು. ಯಂತ್ರಗಳಿಗೆ ಹೆದರುವ ಜನರಲ್ಲ ಇವರು. ಆದರೂ ಏಳು ತಿಂಗಳಾಗುವ ಹೊತ್ತಿಗೆ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಪಾಠದ ಓದಿಗೆ ಡಿಎಕ್ಸನ್ನು ದಿನಬಳಕೆಯಲ್ಲಿ ಬಿಟ್ಟಿದ್ದರು. ಕೆಲವರು ಟಿಪ್ಪಣಿಗೆಂದು ಯಂತ್ರದ ಜೊತೆ ಕಾಗದವನ್ನೂ ಇಟ್ಟುಕೊಂಡು ತಿರುಗುತ್ತಿದ್ದರು. ಉಲ್ಲೇಖ ಹುಡುಕಬೇಕಾದಾಗ ಕಂಪ್ಯೂಟರಿನ ಹತ್ತಿರ ಹೋಗಿ ಕೂರುತ್ತಿದ್ದವರೂ ಇದ್ದರು.

ಇಲ್ಲಿ ಹೊರಬಂದ ಒಂದು ಸಂಗತಿ ಪರೀಕ್ಷೆಗೆ ಓದಿದ ಎಲ್ಲರಿಗೂ ಗೊತ್ತಿರುವಂಥದ್ದು. ಓದಿದ್ದು ನೆನಪಾಗುವಾಗ ಅದು ಪುಸ್ತಕದ ಎಡಪುಟದಲ್ಲಿತ್ತು, ಕೆಳಗಿತ್ತು, ಪಕ್ಕದಲ್ಲೊಂದು ಚಿತ್ರವಿತ್ತು ಎಂಬುದೂ ಜೊತೆಗೇ ನೆನಪಾಗುತ್ತದೆ. ಆ ಜಾಗದ ಗುರುತು ಹಿಡಿದೇ ಮನಸ್ಸು ವಿಷಯಕ್ಕೆ ಹಿಂದಿರುಗುತ್ತದೆ. ಅಕ್ಷರ ಹರಿಯುವ ಪರದೆಯಲ್ಲಿ ಎಡಪುಟವಿಲ್ಲ, ಬಲಪುಟವಿಲ್ಲ, ಎಷ್ಟು ಓದಿದೆವೆಂದು ಬೆರಳಿಗೆ ತಿಳಿಸುವ ಹಾಳೆಗಳ ದಪ್ಪವೂ ಇಲ್ಲ.

ಈ ಅನುಭವವನ್ನು ಮುಂದಿನ ಅಧ್ಯಯನಗಳು ಇನ್ನಷ್ಟು ತಿಳಿಯಾಗಿಸಿವೆ. ನಾರ್ವೆಯ ಆನೆ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 50 ಓದುಗರು 28 ಪುಟಗಳ ಪತ್ತೇದಾರಿ ಕಥೆಯೊಂದನ್ನು ಓದಿದರು, ಅರ್ಧ ಮಂದಿ ಕಾಗದದಲ್ಲಿ, ಅರ್ಧ ಮಂದಿ ಕಿಂಡಲ್‌ನಲ್ಲಿ. ಕಥೆ ಅರ್ಥವಾಗುವುದರಲ್ಲಿ ಬಹುಪಾಲು ವ್ಯತ್ಯಾಸವಿರಲಿಲ್ಲ. ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಳುವುದರಲ್ಲಿ ಮಾತ್ರ ಕಾಗದದವರು ಮುಂದಿದ್ದರು. 2018ರಲ್ಲಿ ಬಂದ ಮತ್ತೊಂದು ಸಮೀಕ್ಷೆ, ಆವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮಾಹಿತಿಯ ಬರಹವನ್ನು ಓದುವಾಗ ಕಾಗದಕ್ಕೆ ಪರದೆಗಿಂತ ಸ್ವಲ್ಪ ಮೇಲುಗೈ ಇತ್ತು. ಬರೀ ಕಥೆಗಳನ್ನು ಬಳಸಿದ ಅಧ್ಯಯನಗಳಲ್ಲಿ ಆ ಮೇಲುಗೈ ಕಾಣಲಿಲ್ಲ. ಅಲ್ಲಿ ನೋಡಿದ ಪರದೆಗಳು ಬಹುಮಟ್ಟಿಗೆ ಕಂಪ್ಯೂಟರಿನವು, ಇ-ಇಂಕಿನವಲ್ಲ ಎಂಬುದನ್ನು ಮರೆಯಬಾರದು. ಆದರೂ ಡಾರ್ಡನ್‌ನ ವಿದ್ಯಾರ್ಥಿಗಳು ಅನುಭವದಿಂದ ಹೇಳಿದ ಮಾತಿಗೆ ಇದು ಹತ್ತಿರವಾಗಿದೆ.

ಮೆನು ಓದದ ಯಂತ್ರ, ಮಾಯವಾದ ಪುಸ್ತಕ

ಅದೇ 2009ರಲ್ಲಿ ಇನ್ನೆರಡು ಘಟನೆ ನಡೆದವು. ಡಿಎಕ್ಸ್‌ಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಶಕ್ತಿಯಿತ್ತು. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಅಚ್ಚಾದ ದಿನವೇ ಪಠ್ಯಪುಸ್ತಕ ಸಿಗಬಹುದಾದ ಅಪೂರ್ವ ಅವಕಾಶ ಅದು. ಆದರೆ ಮೆನುವನ್ನು ಯಂತ್ರ ಓದುತ್ತಿರಲಿಲ್ಲ. ಪುಸ್ತಕವನ್ನು ಆರಿಸಿ ತೆರೆಯಲು, ಓದಿಸುವ ಗುಂಡಿಯವರೆಗೆ ತಲುಪಲು ಕಣ್ಣು ಬೇಕಿತ್ತು. ಜೂನ್‌ನಲ್ಲಿ ಅಮೆರಿಕದ ಎರಡು ಅಂಧರ ಸಂಘಟನೆಗಳು ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿದವು. ತರಗತಿಯ ಒಬ್ಬರಿಗೆ ಮುಚ್ಚಿದ ಪುಸ್ತಕವನ್ನು ಉಳಿದವರಿಗೆ ಕಡ್ಡಾಯ ಮಾಡುವುದು ತಾರತಮ್ಯ ಎಂಬುದು ಅವರ ವಾದ. 2010ರ ಜನವರಿಯಲ್ಲಿ ರಾಜಿಯಾಯಿತು. ಎಲ್ಲರೂ ಬಳಸುವಂತಾಗುವ ತನಕ ಇಂಥ ಯಂತ್ರಗಳನ್ನು ತರಗತಿಗೆ ತರುವುದಿಲ್ಲ ಎಂದು ಕೇಸ್ ವೆಸ್ಟರ್ನ್, ಪೇಸ್, ರೀಡ್ ಕೂಡ ನ್ಯಾಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡವು. ಜೂನ್‌ನಲ್ಲಿ ಸರ್ಕಾರ ಎಲ್ಲ ಕಾಲೇಜುಗಳ ಮುಖ್ಯಸ್ಥರಿಗೂ ಇದೇ ಅರ್ಥದ ಪತ್ರ ಬರೆಯಿತು. ಅದೇ ವರ್ಷ ಬಂದ ಮೂರನೆಯ ಕಿಂಡಲ್ ಮೆನುವನ್ನೂ ಓದಿ ಹೇಳತೊಡಗಿತು.

ಎರಡನೆಯ ಘಟನೆ 2009ರ ಜುಲೈನದು. ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ಅಮೆಜಾನ್ ಕೊಂಡವರ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವುಗಳಲ್ಲಿ ಒಂದು ‘1984’. ಹಣ ವಾಪಸು ಬಂತು. ಮಿಷಿಗನ್‌ನ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ ಬೇಸಿಗೆಯ ಮನೆಪಾಠಕ್ಕೆಂದು ಆ ಪುಸ್ತಕದ ಸಾಲುಸಾಲಿಗೆ ಟಿಪ್ಪಣಿ ಮಾಡಿಕೊಂಡಿದ್ದ. ಪುಸ್ತಕ ಹೋದ ಮೇಲೆ ಯಾವ ಟಿಪ್ಪಣಿ ಯಾವ ಸಾಲಿಗೆ ಸೇರಿದ್ದೆಂಬುದು ತಿಳಿಯದಾಯಿತು. ಅವನು ನ್ಯಾಯಾಲಯಕ್ಕೆ ಹೋದ. ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು, ಕಂಪನಿ ರಾಜಿ ಮಾಡಿಕೊಂಡಿತು.

ಬಿಡುವಿನ ಓದುಗನಿಗೆ ಪುಸ್ತಕ ಕಳೆದರೆ ಮತ್ತೆ ಕೊಳ್ಳಬಹುದು. ವಿದ್ಯಾರ್ಥಿಗೆ ಕಳೆಯುವುದು ತನ್ನದೇ ದುಡಿಮೆ. ಇ-ಪುಸ್ತಕದ ಅಂಗಡಿಯಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದರೂ ಸಿಗುವುದು ಬಹುತೇಕ ಓದುವ ಪರವಾನಗಿ ಮಾತ್ರ ಎಂಬ ಪಾಠವನ್ನು ಆ ಬೇಸಿಗೆ ಮೊದಲ ಬಾರಿಗೆ ದೊಡ್ಡದಾಗಿ ಕಲಿಸಿತು. 2025ರ ಫೆಬ್ರವರಿ 26ರಿಂದ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯ ಮೂಲಕ ಕಿಂಡಲ್‌ಗೆ ಹಾಕುವ ಸೌಲಭ್ಯವನ್ನೂ ನಿಲ್ಲಿಸಿತು.

ಬೇರೆಯಾದ ಎರಡು ದಾರಿ

2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಬಂತು. ಪರದೆ ಡಿಎಕ್ಸ್‌ನಷ್ಟೇ, 9.7 ಇಂಚು. ಬೆಲೆ 499 ಡಾಲರಿನಿಂದ ಶುರು. ಬಣ್ಣವಿತ್ತು, ಬೆರಳಿಂದ ಹಿಗ್ಗಿಸಬಹುದಿತ್ತು, ಪಿಡಿಎಫ್ ಸರಾಗ ಓಡುತ್ತಿತ್ತು. ಅದೇ ಬೆಲೆಗೆ ಕಪ್ಪುಬಿಳುಪು ಯಂತ್ರವನ್ನು ಕಾಲೇಜಿಗೆ ಒಪ್ಪಿಸುವುದು ಕಷ್ಟವಾಯಿತು. ಕೆಲವೇ ವರ್ಷಗಳಲ್ಲಿ ಡಿಎಕ್ಸ್ ತೆರೆಮರೆಗೆ ಸರಿಯಿತು.

ಅಲ್ಲಿಂದ ಇ-ರೀಡರ್ ಎರಡು ದಾರಿ ಹಿಡಿಯಿತು. ಒಂದು ಬಿಡುವಿನ ಓದಿನದು. ಪರದೆ ಆರೇಳು ಇಂಚಿನಲ್ಲೇ ಉಳಿದು, ಉಳಿದದ್ದೆಲ್ಲ ಅದರ ಸುತ್ತ ಸುಧಾರಿಸಿತು. 2012ರಲ್ಲಿ ಕಿಂಡಲ್ ಪೇಪರ್‌ವೈಟ್ ಬಂದಾಗ ಪರದೆಯ ಅಂಚಿನಿಂದ ಅಕ್ಷರದ ಮೇಲೆ ಬೆಳಕು ಬೀಳುವಂತಾಯಿತು. ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡಿಸದೆ ರಾತ್ರಿ ಓದಬಹುದಾಯಿತು. 2015ರ ಪೇಪರ್‌ವೈಟ್‌ನಲ್ಲಿ ಇಂಚಿಗೆ 300 ಚುಕ್ಕೆಗಳ ಸಾಂದ್ರತೆ ಬಂದು ಅಕ್ಷರ ಅಚ್ಚಿನಷ್ಟು ಚೂಪಾಯಿತು.

ಇನ್ನೊಂದು ದಾರಿ ಪಾಠದ ಓದಿನದು. ಸೋನಿ 2013ರಲ್ಲಿ 13.3 ಇಂಚಿನ ದೊಡ್ಡ ಪರದೆಯನ್ನೂ ಪೆನ್ನನ್ನೂ ಒಟ್ಟಿಗೆ ಕೊಟ್ಟಿತು. ಬೆಲೆ ಸಾವಿರ ಡಾಲರ್ ದಾಟಿದ್ದರಿಂದ ಅದು ವಕೀಲರ, ಕಚೇರಿಗಳ ಸಾಧನವಾಯಿತು. 2017ರಲ್ಲಿ ನಾರ್ವೆಯ ರಿಮಾರ್ಕಬಲ್ 10.3 ಇಂಚಿನ ಪರದೆಯ ಮೇಲೆ ಬರೆಯುವುದನ್ನೇ ಮುಖ್ಯ ಮಾಡಿಕೊಂಡು ಬಂತು. ಚೀನಾದ ಆನಿಕ್ಸ್ ಬೂಕ್ಸ್ ಯಂತ್ರಗಳು ಆಂಡ್ರಾಯ್ಡ್ ಆಪ್‌ಗಳನ್ನೂ ಓಡಿಸಿದವು. 2022ರಲ್ಲಿ ಅಮೆಜಾನ್ 10.2 ಇಂಚಿನ ಕಿಂಡಲ್ ಸ್ಕ್ರೈಬ್ ತಂದಿತು, ಪೆನ್ನಿನ ಸಮೇತ. ಡಿಎಕ್ಸ್‌ನಲ್ಲಿ ವಿದ್ಯಾರ್ಥಿಗಳು ಇಲ್ಲವೆಂದ ದೊಡ್ಡ ಸಂಗತಿಯನ್ನು ಒದಗಿಸಲು 13 ವರ್ಷ ಹಿಡಿದಿತ್ತು.

ಕನ್ನಡಕ್ಕೆ ಬಂದಾಗ

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಇ-ಪುಸ್ತಕ ಬರೀ ಅನುಕೂಲದ ವಿಷಯವಲ್ಲ. ಚೆನ್ನೈಯಲ್ಲೋ ದೆಹಲಿಯಲ್ಲೋ ಕನ್ನಡ ಪುಸ್ತಕದಂಗಡಿ ಹುಡುಕಿಕೊಂಡು ಹೋಗುವುದು ಸುಲಭವಲ್ಲ. ಊರಿನಿಂದ ಬರುವವರ ಚೀಲದಲ್ಲೇ ಪುಸ್ತಕ ಬರಬೇಕು. ಓದುವ ಯಂತ್ರ ಹೆಚ್ಚು ಬೇಕಿದ್ದವರು ಇವರೇ, ಕಾಯಬೇಕಾದವರೂ ಇವರೇ.

2010ರಲ್ಲಿ ಅಹಮದಾಬಾದಿನ ಇನ್ಫಿಬೀಮ್ ಕಂಪನಿ ‘ಪೈ’ ಎಂಬ ಇ-ರೀಡರ್ ತಂದಾಗ ಭಾರತೀಯ ಭಾಷೆಗಳ ಓದನ್ನೂ ಮುಂದಿಟ್ಟಿತ್ತು. ಅದು ನಿಲ್ಲಲಿಲ್ಲ. 2012ರಲ್ಲಿ ಕಿಂಡಲ್ ಅಂಗಡಿ ಭಾರತದಲ್ಲಿ ತೆರೆಯಿತು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಮಾರಾಟ ಘೋಷಿಸಿದಾಗ ಪಟ್ಟಿಯಲ್ಲಿದ್ದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ, ತೆಲುಗು, ಬಂಗಾಳಿಗಳೂ ಇರಲಿಲ್ಲ.

ತಡವಾದದ್ದಕ್ಕೆ ಕಂಪನಿಯ ಲೆಕ್ಕಾಚಾರವೊಂದೇ ಕಾರಣವಲ್ಲ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಕನ್ನಡ ಪುಸ್ತಕಗಳ ಡಿಟಿಪಿ ದಶಕಗಳ ಕಾಲ ನಡೆದದ್ದು ಹಳೆಯ ಬಗೆಯ ಫಾಂಟುಗಳಲ್ಲಿ. ಅವುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥ ಕಡತವನ್ನು ಇ-ಪುಸ್ತಕ ಮಾಡಬೇಕಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಇಡೀ ಪುಸ್ತಕದ ಕರಡು ಮತ್ತೆ ತಿದ್ದಬೇಕು. ಸಣ್ಣ ಪ್ರಕಾಶಕರಿಗೆ ಅದು ಹೊಸ ಖರ್ಚು. ಯಂತ್ರದ ಕಡೆಯಿಂದಲೂ ತೊಡಕಿತ್ತು. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಅರ್ಕಾವೊತ್ತು ಉಚ್ಚಾರದಲ್ಲಿ ಮೊದಲಿದ್ದು ಬರವಣಿಗೆಯಲ್ಲಿ ಹಿಂದೆ ಹೋಗುತ್ತದೆ. ಇದನ್ನೆಲ್ಲ ಜೋಡಿಸುವ ತಂತ್ರಾಂಶ ಒಳಗಿಲ್ಲದಿದ್ದರೆ ಪರದೆಯ ಮೇಲೆ ಮುರಿದ ಅಕ್ಷರ ಬೀಳುತ್ತದೆ.

ಹೀಗಾಗಿ ಕನ್ನಡ ಇ-ಪುಸ್ತಕದ ಓದು ಬಹುಪಾಲು ಬೆಳೆದದ್ದು ಮೊಬೈಲಿನ ಮೇಲೆ. ಮೈಲ್ಯಾಂಗ್‌ನಂಥ ಆಪ್‌ಗಳು ಕನ್ನಡ ಇ-ಪುಸ್ತಕ, ಕೇಳುಪುಸ್ತಕಗಳನ್ನು ಮಾರತೊಡಗಿದವು. ಇನ್ನೊಂದು ಕಡೆ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ಸಿಗುತ್ತವೆ. ಇವು ಪಿಡಿಎಫ್ ಚಿತ್ರಗಳು. ಅಕ್ಷರ ಹಿಗ್ಗಿಸಿದರೆ ಸಾಲು ಮುರಿದು ಹರಿಯುವುದಿಲ್ಲ.

ಅಳತೆಯ ಲೆಕ್ಕ

ಈ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಅಂಗಡಿಯ ಪಟ್ಟಿ ಬೇರೆಯಾಗಿ ಕಾಣುತ್ತದೆ. ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು ಓದಬೇಕಾದ ಬರಹ ಯಾವ ರೂಪದಲ್ಲಿ ಸಿಗುತ್ತದೆ ಎಂಬುದನ್ನು. ಭಾರತದ ಕಾಲೇಜಿನಲ್ಲಿ ಉತ್ತರ ಸಾಮಾನ್ಯವಾಗಿ ಪಿಡಿಎಫ್. ಅಧ್ಯಾಪಕರು ಗುಂಪಿಗೆ ಕಳಿಸುವ ಟಿಪ್ಪಣಿ, ಇ-ಪಿಜಿ ಪಾಠಶಾಲೆಯ ಪಾಠ, ಸಂಶೋಧನಾ ಲೇಖನ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯ ಫೋಟೊ, ಎಲ್ಲವೂ ಎ4 ಅಳತೆಯ ಪುಟಗಳು.

ಎ4 ಹಾಳೆಯ ಅಗಲ ಸುಮಾರು 8.3 ಇಂಚು. ಆರು ಇಂಚಿನ ಇ-ರೀಡರಿನ ಪರದೆಯ ಅಗಲ ಸುಮಾರು 3.6 ಇಂಚು ಮಾತ್ರ, ಏಕೆಂದರೆ ಆರು ಇಂಚೆನ್ನುವುದು ಮೂಲೆಯಿಂದ ಮೂಲೆಗಿನ ಅಳತೆ. ಪುಟವನ್ನು ಅದರಲ್ಲಿ ಕೂರಿಸಿದರೆ 12 ಪಾಯಿಂಟಿನ ಅಕ್ಷರ ಐದು ಪಾಯಿಂಟಿಗೆ ಇಳಿಯುತ್ತದೆ. ಕನ್ನಡವಾದರೆ ಒತ್ತಕ್ಷರ ಯಾವುದೆಂದೇ ತಿಳಿಯುವುದಿಲ್ಲ. 10.3 ಇಂಚಿನ ಪರದೆಯ ಅಗಲ ಸುಮಾರು 6.2 ಇಂಚು. ಅದರಲ್ಲಿ ಎ4 ಪುಟದ ಅಕ್ಷರ ಒಂಬತ್ತು ಪಾಯಿಂಟಿನಷ್ಟಾಗಿ ಓದಲು ಬರುತ್ತದೆ. ಡೆಮಿ 1/8 ಅಳತೆಯ ಕನ್ನಡ ಪುಸ್ತಕದ ಸ್ಕ್ಯಾನ್ ಪ್ರತಿ ಇದರಲ್ಲಿ ಹೆಚ್ಚುಕಡಿಮೆ ಮೂಲದ ಗಾತ್ರದಲ್ಲೇ ಕೂರುತ್ತದೆ. ಆದ್ದರಿಂದ ಪಾಠಕ್ಕೆ ಇ-ರೀಡರ್ ಬೇಕೆನ್ನುವವರಿಗೆ ಹತ್ತು ಇಂಚಿಗಿಂತ ಕಡಿಮೆಯದು ಸಾಲದು, ಪೆನ್ನಿಲ್ಲದ್ದು ಬೇಡ. ಆ ಯಂತ್ರಗಳು ದುಬಾರಿ. ವೈದ್ಯಕೀಯ, ಜೀವಶಾಸ್ತ್ರದಂಥ ಬಣ್ಣದ ಚಿತ್ರದ ವಿಷಯಗಳಿಗೆ ಅಷ್ಟು ಹಣ ಹಾಕಿದರೂ ತೃಪ್ತಿಯಾಗದು. ಈಚಿನ ಬಣ್ಣದ ಇ-ಇಂಕ್ ಪರದೆಗಳಲ್ಲೂ ಬಣ್ಣದ ಭಾಗದ ಸಾಂದ್ರತೆ ಸಾಮಾನ್ಯವಾಗಿ ಇಂಚಿಗೆ 150 ಚುಕ್ಕೆ, ಕಪ್ಪುಬಿಳುಪಿನ ಅರ್ಧ. ಅಂಥವರಿಗೆ ಸಾಮಾನ್ಯ ಟ್ಯಾಬ್ಲೆಟ್ ಅಥವಾ ಝೆರಾಕ್ಸ್ ಪ್ರತಿಯೇ ಮೇಲು.

ಬಿಡುವಿನ ಓದಿಗಾದರೆ ಆರೇಳು ಇಂಚಿನದು ಸಾಕು. ಒಂದು ಕೈಲಿ ಹಿಡಿದು ಲೋಕಲ್ ರೈಲಿನಲ್ಲಿ ನಿಂತು ಓದಲು ದೊಡ್ಡದು ಹೊರೆ. ಇಲ್ಲಿ ಕೇಳಬೇಕಾದದ್ದು ಬೇರೆ: ಬೇರೆ ಕಡೆ ಕೊಂಡ ಇಪಬ್ ಕಡತವನ್ನು ಇದು ಸ್ವೀಕರಿಸುತ್ತದೆಯೇ? ಟಿಪ್ಪಣಿಗಳನ್ನು ಹೊರಗೆ ತೆಗೆದಿಟ್ಟುಕೊಳ್ಳಬಹುದೇ? ಕನ್ನಡ ಫಾಂಟನ್ನು ಹಾಕಬಹುದೇ? ಕನ್ನಡದ ಆಪ್‌ಗಳೇ ಬೇಕೆಂದರೆ ಆಂಡ್ರಾಯ್ಡ್ ಓಡಿಸುವ ಇ-ರೀಡರನ್ನು ನೋಡಬೇಕು. ಯಾವುದೇ ಆದರೂ ಹಣ ಕೊಡುವ ಮುಂಚೆ ಅಥವಾ ಹಿಂದಿರುಗಿಸುವ ಗಡುವಿನೊಳಗೆ ಒಂದು ಪರೀಕ್ಷೆ ಮಾಡುವುದೊಳ್ಳೆಯದು. ರಾಷ್ಟ್ರ, ಸ್ತ್ರೀ, ಕರ್ತೃ, ಸೂರ್ಯ, ವೈಶಿಷ್ಟ್ಯ, ಈ ಐದು ಪದಗಳಿರುವ ಯೂನಿಕೋಡ್ ಪುಟವೊಂದನ್ನು ಅದರಲ್ಲಿ ತೆರೆದು, ಅಕ್ಷರವನ್ನು ದೊಡ್ಡದು ಸಣ್ಣದು ಮಾಡಿ ನೋಡಬೇಕು. ಒತ್ತು ಎಲ್ಲೂ ಕಳಚಿಕೊಳ್ಳದಿದ್ದರೆ ಯಂತ್ರಕ್ಕೆ ಕನ್ನಡ ಬರುತ್ತದೆಂದು ಅರ್ಥ.

ಎರಡಕ್ಕೂ ಒಂದೇ ಸಾಕೆನ್ನುವವರಿಗೆ 2009ರ ಅನುಭವ ಕೊಡುವ ಸಲಹೆ ನಿಷ್ಠುರವಾಗಿದೆ. ಹಣ ಸೀಮಿತವಾಗಿದ್ದರೆ ಸಣ್ಣ ಇ-ರೀಡರನ್ನು ಕಾದಂಬರಿಗೆ ಕೊಂಡು ಪಾಠವನ್ನು ಕಾಗದದಲ್ಲೇ ಓದುವುದು, ನಡುವಿನ ಅಳತೆಯದೊಂದನ್ನು ಕೊಂಡು ಎರಡಕ್ಕೂ ಹೆಣಗುವುದಕ್ಕಿಂತ ಜಾಣತನ.

ಕನ್ನಡ ನಾಡಿನಲ್ಲಿ ಇಂಥ ವಿಂಗಡಣೆ ಹಿಂದೆಯೂ ಇತ್ತು. ಉಳಿಯಬೇಕಾದ ಕಾವ್ಯ, ಶಾಸ್ತ್ರಗಳನ್ನು ಓಲೆಗರಿಯ ಮೇಲೆ ಕೊರೆದಿಡುತ್ತಿದ್ದರು. ದಿನದ ಲೆಕ್ಕ, ವ್ಯವಹಾರಗಳಿಗೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕರಿಯ ಪುಸ್ತಕ ಅದು. ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಓಲೆಗರಿ ಇರುವಾಗ ಕಡತವೇಕೆಂದು ಯಾರೂ ಕೇಳಲಿಲ್ಲ, ಕೆಲಸ ಬೇರೆಯಾಗಿತ್ತು. ಇಂದು ಕಡತವೆಂದರೆ ಕಚೇರಿಯ ಫೈಲು, ಕಂಪ್ಯೂಟರಿನ ಫೈಲು. ಅದನ್ನು ಯಾವ ಪರದೆಯಲ್ಲಿ ತೆರೆಯಬೇಕು ಎಂಬುದನ್ನು ಈಗಲೂ ಕೈಲಿರುವ ಕೆಲಸವೇ ಹೇಳುತ್ತದೆ.